ಗಂಟೆ ಬಿಚ್ಚಿದ ದಿನ

ಕುರಿ ಸಾಕುವ ಬೀರವ್ವ ದಿನಾ ಬೆಳಿಗ್ಗೆ ಹಟ್ಟಿಯ ಬಾಗಿಲು ತೆಗೆಯುವ ಮುಂಚೆ, ಮಂದೆಯ ಮುಂದೆ ನಡೆಯುವ ಹಿರಿ ಕುರಿಯ ಕೊರಳಗಂಟೆಯನ್ನು ಒಮ್ಮೆ ಅಲ್ಲಾಡಿಸಿ ಕೇಳುತ್ತಿದ್ದಳು. ಆ ದಿನ ಗಂಟೆ ಬಿಚ್ಚಿ ಹೆಗಲ ಚೀಲಕ್ಕೆ ಹಾಕಿ, ಅದರ ಜಾಗದಲ್ಲಿ ಜಿಪಿಎಸ್ ಪಟ್ಟಿ ಕಟ್ಟಿದಳು.

"ಇನ್ನು ಸುಧಾರಿಸ್ಕೋ ಅಜ್ಜಿ," ಎಂದಿತು ಪಟ್ಟಿ, ಗಂಟೆಗೆ. "ಮಂದೆ ಎಲ್ಲಿದೆ ಅಂತ ನಾನು ಫೋನಿಗೆ ಹೇಳ್ತೀನಿ."

"ನನ್ನ ಸದ್ದಿಲ್ಲದೆ ಅವು ಹಿಂದೆ ಬರಲ್ಲ ಮಗಳೇ," ಎಂದಿತು ಗಂಟೆ ಚೀಲದೊಳಗಿಂದ.

"ಹಳಬರೆಲ್ಲ ಹೀಗೇ ಅಂತಾರೆ."

ಫೋನಿದೆಯಲ್ಲ ಎಂದು ಬೀರವ್ವ ಮಂದೆಯನ್ನು ಗುಡ್ಡಕ್ಕೆ ಬಿಟ್ಟು ಹೊಲದಲ್ಲಿ ಕಳೆ ಕಿತ್ತಳು. ಮಧ್ಯಾಹ್ನ ಫೋನು ತೋರಿಸಿದಲ್ಲಿಗೆ ಹೋದರೆ ಹಿರಿ ಕುರಿ ಒಂದೇ ನಿಂತಿತ್ತು. ಉಳಿದ ಅರವತ್ತು ಜಾಲಿ ಪೊದೆಗಳಲ್ಲಿ ಚದುರಿದ್ದವು. ಪೊದೆಗಳಾಚೆ ತೋಳಗಳಿರುವ ಹಳ್ಳ.

"ನಾನು ಸರಿಯಾದ ಜಾಗವನ್ನೇ ಹೇಳಿದ್ದೆ," ಎಂದಿತು ಪಟ್ಟಿ, ಸಣ್ಣ ದನಿಯಲ್ಲಿ.

"ನೀನಿರೋ ಜಾಗ ಹೇಳಿದೆ," ಎಂದಿತು ಗಂಟೆ.

ಬೀರವ್ವ ಸೆರಗು ಬಿಗಿದು, ಪಟ್ಟಿಯ ಪಕ್ಕದಲ್ಲೇ ಗಂಟೆಯನ್ನೂ ಕಟ್ಟಿದಳು. "ಒಂದನ್ನೂ ಬಿಟ್ಟು ಹೋಗಲ್ಲ," ಎಂದು ಹಿರಿ ಕುರಿಯನ್ನು ಪೊದೆಗಳತ್ತ ನಡೆಸಿದಳು. ಗಂಟೆ ಗಣಗಣ ಎಂದಿತು. ಪೊದೆಯಿಂದ ಒಂದು, ಬಂಡೆಯ ಹಿಂದಿನಿಂದ ಎರಡು ಕುರಿ ಹೊರಬಂದವು.

"ಅಜ್ಜಿ, ಕರೆಯೋದು ನನಗೂ ಕಲಿಸು," ಎಂದಿತು ಪಟ್ಟಿ.

ಗಂಟೆಗೆ ಪುರುಸೊತ್ತಿರಲಿಲ್ಲ. ಇನ್ನೂ ಐವತ್ತೇಳು ಬರಬೇಕಿತ್ತು.