ಈರೇಶ ಗಡ್ಡದ ಓತಿಗೆ ಹುಳ ಹಾಕಿದ್ದು

ಬನ್ನಿ, ಹತ್ತಿರ ಬನ್ನಿ. ನಗೋರು ಮುಂದೆ ಕೂತ್ಕೊಳ್ಳಿ, ತೂಕಡಿಸೋರು ಹಿಂದೆ ಕೂತ್ಕೊಳ್ಳಿ.

ಒಂದೂರಲ್ಲಿ ದ್ಯಾವೀರಮ್ಮ ಅಂತ ಒಬ್ಬ ತಾಯಿ. ಅವಳಿಗೆ ಒಬ್ಬನೇ ಮಗ, ಈರೇಶ. ವಯಸ್ಸು ಇಪ್ಪತ್ತೈದು, ಎತ್ತರ ಆರಡಿ, ತೋಳು ನೋಡಿದ್ರೆ ಒನಕೆ. ಬುದ್ಧಿ ಮಾತ್ರ, ಏನು ಹೇಳೋದು! ಬಾಗಿಲು ನೋಡ್ಕೋ ಅಂದ್ರೆ ಬಾಗಿಲನ್ನೇ ನೋಡ್ತಾ ಕೂರೋನು. ಹಿತ್ತಲಿಂದ ಕೊಡ ಹೋಯ್ತು, ಹಂಡೆ ಹೋಯ್ತು. "ಬಾಗಿಲು ಎಲ್ಲೂ ಹೋಗಿಲ್ಲ ನೋಡಮ್ಮ!" ಅನ್ನೋನು.

ಬೈದ್ರೆ ತಲೆ ತಗ್ಗಿಸೋನೂ ಅಲ್ಲ. ಎದೆ ಮುಂದೆ ಮಾಡ್ಕೊಂಡು, "ಹೇಳಿದ್ದು ಮಾಡಿದೀನಿ! ಹೇಳದ್ದು ಮಾಡಿಲ್ಲ!" ಅಂತಿದ್ದ.

ದ್ಯಾವೀರಮ್ಮನ ಅಣ್ಣ ಜವರಪ್ಪನದು ಇಟ್ಟಿಗೆ ಗೂಡು. ವಾರಕ್ಕೊಂದು ಸಲ ಬರೋನು, ಬಂದಾಗೆಲ್ಲ ಅದೇ ಮಾತು.

"ಕಳಿಸೇ ಇವನನ್ನ. ಮಣ್ಣು ತುಳಿಯೋಕೆ ಎತ್ತು ಕಟ್ಟೋ ಬದಲು ಇವನನ್ನ ಕಟ್ತೀನಿ."

"ನನ್ನ ಮಗ ಎತ್ತಲ್ಲ ಅಣ್ಣ."

"ಮತ್ತೇನು? ಯಾವ ಕೆಲಸ ಬರುತ್ತೆ ಅವನಿಗೆ?"

"ಬರುತ್ತೆ. ತೋರಿಸ್ತೀನಿ, ನೋಡ್ತಿರು!"

ಅಂದಿದ್ದೇನೋ ಅಂದುಬಿಟ್ಟಳು. ತೋರಿಸೋದೇನನ್ನ? ಆ ಯೋಚನೇಲೇ ಅವಳಿಗೆ ಅನ್ನ ಸೇರಲಿಲ್ಲ.

ದ್ಯಾವೀರಮ್ಮ ಅಡುಗೆ ಮಾಡ್ತಿದ್ದದ್ದು ವನಮಾಲಾ ಟೀಚರ ಮನೇಲಿ. ಟೀಚರಿಗೆ ರಿಟೈರ್ ಆಗಿತ್ತು. ಒಬ್ಬರೇ ಇರ್ತಿದ್ರು, ಜೊತೆಗೊಂದು ಗಡ್ಡದ ಓತಿ ಮರಿ. ನಮ್ಮ ಬೇಲಿ ಮೇಲಿನ ಓತಿಕ್ಯಾತ ಅಲ್ಲ ಅದು, ದೂರದ ಮರಳುಗಾಡಿಂದು. ಅಂಗೈಯಷ್ಟುದ್ದ. ಕೋಪ ಬಂದ್ರೆ ಗಂಟಲು ಉಬ್ಬಿಸಿ ಗಡ್ಡ ಕಪ್ಪಗೆ ಮಾಡ್ಕೊಳ್ಳುತ್ತೆ. ಹೆಸರು ರಾಣಿ. ಗಾಜಿನ ಮನೇಲಿ ದೀಪದ ಕೆಳಗೆ ಮೈ ಕಾಯಿಸ್ಕೊಂಡು ಮಲಗಿರೋದು. ಟೀಚರಿಗೆ ಮಂಡಿ ಆಪರೇಷನ್ ಆಗಿ ಬಗ್ಗೋಕಾಗಲ್ಲ. ರಾಣಿಗೆ ಹುಳ ಹಾಕೋರು ಬೇಕಾಗಿತ್ತು.

"ನನ್ನ ಮಗ ಇದಾನೆ!" ಅಂದಳು ದ್ಯಾವೀರಮ್ಮ.

ಮೊದಲನೇ ದಿನ ಟೀಚರು ಹೇಳಿದ್ರು, "ನೋಡು ಈರೇಶ, ರಾಣಿ ಇನ್ನೂ ಮರಿ. ಎರಡು ಕಣ್ಣಿನ ಮಧ್ಯೆ ಎಷ್ಟು ಜಾಗ ಇದೆಯೋ, ಅದಕ್ಕಿಂತ ದೊಡ್ಡ ಹುಳ ಹಾಕಬೇಡ. ಗಂಟಲಲ್ಲಿ ಸಿಕ್ಕೊಳ್ಳುತ್ತೆ."

"ಆಯ್ತು ಟೀಚರ್!"

ಕನ್ನಡಿ ಮುಂದೆ ನಿಂತ. ದಾರ ತಗೊಂಡು ತನ್ನ ಎರಡು ಕಣ್ಣಿನ ಮಧ್ಯೆ ಹಿಡಿದು ಅಳೆದ. ಹೊಲಕ್ಕೆ ಓಡಿದ. ದಾರಕ್ಕೆ ಸರಿಯಾದ ಒಂದು ಮಿಡತೆ ಹಿಡಿದು ತಂದು ಬಿಟ್ಟ. ಮಿಡತೆ ಒಂದು ಸಲ ಹಾರಿ ರಾಣಿ ತಲೆ ಮೇಲೇ ಕೂತ್ಕೊಳ್ತು! ರಾಣಿ ಗಡ್ಡ ಕಪ್ಪಾಯ್ತು. ಮೂಲೆಗೆ ಸರಿದು ಬಾಯಿ ತೆರೆದು ನಿಂತಳು.

"ಯಾರ ಕಣ್ಣೋ ಅಳೆದೆ ನೀನು!" ಕೂಗಿದ್ರು ಟೀಚರು.

"ನಂದು! ನಿಮ್ಮದು ಅಳೆಯೋಣ ಅಂದ್ರೆ ಕನ್ನಡಕ ಅಡ್ಡ. ಹೇಳಿದ್ದು ಮಾಡಿದೀನಿ!"

"ಓತಿ ಕಣ್ಣು ಕಣೋ, ಓತಿ ಕಣ್ಣು! ಇನ್ನೊಂದು ಕೇಳು. ಹೊಲದ ಹುಳ ತರಬೇಡ. ಔಷಧಿ ಹೊಡೆದಿರ್ತಾರೆ, ವಿಷ ಅದು. ಮನೇಲಿ ಹುಟ್ಟಿ, ಮನೇಲಿ ಬೆಳೆದ ಹುಳವೇ ಆಗಬೇಕು."

ಬೈದ್ರು, ಬುದ್ಧಿ ಹೇಳಿದ್ರು. ಈರೇಶ ತಲೆ ಆಡಿಸಿದ.

ಮಾರನೇ ದಿನ ಬಂದ, ಕೈಯಲ್ಲಿ ಎರಡು ಡಬ್ಬಿ. ಒಂದರಲ್ಲಿ ಅಕ್ಕಿ ಹುಳ, ಇನ್ನೊಂದರಲ್ಲಿ ಜಿರಲೆ.

"ಎಲ್ಲಿಂದ ತಂದ್ಯೋ?"

"ನಮ್ಮ ಮನೇದು ಟೀಚರ್! ಇವು ಅಕ್ಕಿ ಡಬ್ಬೀಲಿ ಹುಟ್ಟಿದ್ದು, ಇವು ಒಲೆ ಸಂದೀಲಿ ಬೆಳೆದದ್ದು. ನಮ್ಮಮ್ಮನೇ ಸಾಕಿದ್ದು!"

ಒಳಗೆ ಚಪಾತಿ ಲಟ್ಟಿಸ್ತಿದ್ದ ದ್ಯಾವೀರಮ್ಮನ ಮುಖ ಕೆಂಪಗಾಯ್ತು. ಸೆರಗು ಬಾಯಿಗೆ ಒತ್ಕೊಂಡಳು. ಅಡುಗೆ ಮಾಡೋಳ ಮನೆ ಜಿರಲೆ, ಅನ್ನ ಕೊಡೋರ ಮುಂದೆ!

"ಲೋ ಈರೇಶ, ನನ್ನ ಮಾನ ಡಬ್ಬೀಲಿ ಹಾಕ್ಕೊಂಡು ಬಂದ್ಯಲ್ಲೋ!"

"ಇಲ್ಲಮ್ಮ, ಜಿರಲೆ ಮಾತ್ರ ಹಾಕಿದೀನಿ!"

ಟೀಚರಿಗೆ ನಗು ಬಂತು, ಆದ್ರೂ ನಗಲಿಲ್ಲ. ಹುಳ ಸಾಕೋರ ಹತ್ತಿರ ಹೇಳಿ ಒಂದು ಪೆಟ್ಟಿಗೆ ಚಿಮ್ಮಂಡೆ ತರಿಸಿದ್ರು. ಚಿರ್ ಚಿರ್ ಅನ್ನೋ ಸಣ್ಣ ಚಿಮ್ಮಂಡೆ. ಅವು ಅಡಗಿಕೊಳ್ಳೋಕೆ ಹಳೇ ಮೊಟ್ಟೆ ಟ್ರೇ ಇಡಿಸಿದ್ರು, ಗಾಳಿ ಆಡೋಕೆ ಮುಚ್ಚಳಕ್ಕೆ ಜಾಲರಿ ಹಾಕಿಸಿದ್ರು. ಆಮೇಲೆ ಕೂರಿಸಿಕೊಂಡು ಹೇಳಿದ್ರು, "ಈ ಹುಳಕ್ಕೆ ಕ್ಯಾರೆಟ್ಟು, ನುಗ್ಗೆಸೊಪ್ಪು ತಿನ್ನಿಸು. ಹುಳದ ಹೊಟ್ಟೆಗೆ ಏನು ಹೋಗುತ್ತೋ, ರಾಣಿ ಹೊಟ್ಟೆಗೂ ಅದೇ ಹೋದ ಹಾಗೆ. ತಿಳೀತಾ?"

"ತಿಳೀತು ಟೀಚರ್!"

ಎರಡು ದಿನ ಟೀಚರು ಮಂಡಿ ತೋರಿಸೋಕೆ ಮೈಸೂರಿಗೆ ಹೋದ್ರು. ದ್ಯಾವೀರಮ್ಮನೂ ಜೊತೆಗೆ ಹೋದಳು. ಮನೇಲಿ ಈರೇಶ ಒಬ್ಬನೇ. ವಾಪಸ್ ಬಂದು ನೋಡ್ತಾರೆ, ಚಿಮ್ಮಂಡೆಗಳೆಲ್ಲ ಹೊಟ್ಟೆ ಬಿರಿಯೋ ಹಾಗೆ ತಿಂದು ಕುಣೀತಿವೆ. ರಾಣಿ ಮಾತ್ರ ಕಣ್ಣು ಮುಚ್ಚಿಕೊಂಡು, ಬಾಲ ಚೆಲ್ಲಿಕೊಂಡು ಬಿದ್ದಿದಾಳೆ.

"ರಾಣಿಗೇನು ಹಾಕ್ದೆ?"

"ಕ್ಯಾರೆಟ್ಟು!"

"ಎಲ್ಲಿ ಹಾಕ್ದೆ?"

"ಹುಳದ ಪೆಟ್ಟಿಗೇಲಿ. ಹುಳದ ಹೊಟ್ಟೆಗೆ ಹೋದ್ರೆ ರಾಣಿ ಹೊಟ್ಟೆಗೂ ಹೋದ ಹಾಗೆ ಅಂದ್ರಿ. ದಿನಕ್ಕೆ ನಾಲ್ಕು ಕ್ಯಾರೆಟ್ ತಿಂದಿದಾಳೆ ಟೀಚರ್, ಆದ್ರೂ ಸೊರಗಿದಾಳೆ!"

ಟೀಚರು ಅಲ್ಲೇ ಕುರ್ಚಿ ಮೇಲೆ ಕುಸಿದ್ರು. ಕಣ್ಣಲ್ಲಿ ನೀರು. ದ್ಯಾವೀರಮ್ಮನೇ ಒಂದು ಚಿಮ್ಮಂಡೆ ಹಿಡಿದು ರಾಣಿ ಮುಂದೆ ಇಟ್ಟಳು. ರಾಣಿ ಒಂದು ಕಣ್ಣು ತೆರೆದಳು. ನಾಲಿಗೆ ಚಾಚಿದಳು. ತಿಂದಳು! ಇನ್ನೊಂದು, ಮತ್ತೊಂದು. ಹತ್ತು ತಿಂದ ಮೇಲೇನೇ ದ್ಯಾವೀರಮ್ಮ ಉಸಿರು ಬಿಟ್ಟಿದ್ದು.

"ದಿನಕ್ಕೆ ಮೂರು ಸಲ ರಾಣಿಗೇ ಹಾಕು," ಅಂದ್ರು ಟೀಚರು. "ಮೂಳೆ ಗಟ್ಟಿಯಾಗಬೇಕು. ಪುಡಿ ಹಚ್ಚದೆ ಒಂದು ಹುಳನೂ ಹಾಕಬೇಡ."

ಬೆಳಿಗ್ಗೆ ಈರೇಶ ಅಡುಗೆ ಮನೆಗೆ ಹೋದ. ಪುಡಿ ಕಾಣಿಸ್ತು. ಯಾವ ಪುಡಿ? ಚಟ್ನಿ ಪುಡಿ! ಬ್ಯಾಡಗಿ ಮೆಣಸಿನಕಾಯಿದು, ಕೆಂಪಗೆ ಘಮ್ಮಂತಿತ್ತು. ಹುಳಗಳನ್ನ ಅದರಲ್ಲಿ ಹೊರಳಿಸಿದ, ಮೇಲೆ ಎರಡು ಹನಿ ಎಣ್ಣೆನೂ ಬಿಟ್ಟ. ಎಣ್ಣೆ ಇಲ್ಲದೆ ಚಟ್ನಿ ಪುಡಿ ಯಾರು ತಿಂತಾರೆ? ರಾಣಿ ಮೂಸಿ ನೋಡಿದಳು, ಸೀನಿದಳು, ತಿರುಗಿ ಕೂತಳು.

ಅವತ್ತೇ ಜವರಪ್ಪನೂ ಬಂದಿದ್ದ. ತಂಗಿ ಮನೆಗೆ ಬೀಗ ನೋಡಿ ಸೀದಾ ಟೀಚರ ಮನೆ ಬಾಗಿಲಿಗೇ ಬಂದು ನಿಂತಿದ್ದ. ಚಟ್ನಿ ಪುಡಿ ನೋಡಿ ಹೊಟ್ಟೆ ಹಿಡ್ಕೊಂಡು ನಕ್ಕ.

"ಸಾಕು ಬಾರೇ! ಮೇಡಮ್ಮೋರೇ, ಈ ಪೆದ್ದನನ್ನ ಗೂಡಿಗೆ ಒಯ್ತೀನಿ. ನಿಮ್ಮ ಓತಿನಾದ್ರೂ ಬದುಕಲಿ."

ಟೀಚರು ಏನೋ ಹೇಳೋಕೆ ಹೊರಟ್ರು. ದ್ಯಾವೀರಮ್ಮ ಅಡ್ಡ ನಿಂತಳು. ಇಷ್ಟು ವರ್ಷದಲ್ಲಿ ಟೀಚರ ಮುಂದೆ ಅವಳು ದನಿ ಎತ್ತಿದ್ದು ಅದೇ ಮೊದಲು.

"ಬೇರೆಯವರು ಹೇಳಿದ್ದರಲ್ಲಿ ಅರ್ಧ ಮಾಡ್ತಾರೆ ಟೀಚರಮ್ಮ, ಇನ್ನರ್ಧ ಕದೀತಾರೆ. ನನ್ನ ಮಗ ಹೇಳಿದ್ದಷ್ಟೂ ಮಾಡ್ತಾನೆ. ತಪ್ಪು ಅವನೊಬ್ಬನದೇ ಅಲ್ಲ. ಯಾವ ಪುಡಿ ಅಂತ ನೀವು ಹೇಳಿದ್ರಾ? ಯಾರ ಕಣ್ಣು ಅಂತ ಹೇಳಿದ್ರಾ? ಪೂರ್ತಿ ಹೇಳಿ! ಒಂದೇ ಒಂದು ಸಲ ಪೂರ್ತಿ ಹೇಳಿ ನೋಡಿ!"

ಜವರಪ್ಪನ ನಗು ನಿಂತುಹೋಯ್ತು. ಟೀಚರು ಕನ್ನಡಕ ತೆಗೆದು ಒರೆಸಿದ್ರು. ಮೂವತ್ತು ವರ್ಷ ಪಾಠ ಮಾಡಿದೋರು ಅವರು, ಮಾತು ತಾಗ್ತು.

"ಬಾ ಈರೇಶ," ಅಂದ್ರು. "ಈ ಬಿಳೀ ಡಬ್ಬೀಲಿರೋ ಕ್ಯಾಲ್ಸಿಯಂ ಪುಡಿ. ಇದೊಂದೇ, ಇದರಲ್ಲಿ ಒಂದು ಚಿಟಿಕೆ. ದಿನಕ್ಕೆ ಮೂರು ಸಲ ಊಟ, ಎಂಟು ಗಂಟೆ, ಒಂದು ಗಂಟೆ, ಐದು ಗಂಟೆ. ಗಡಿಯಾರ ನೋಡು. ತಿನ್ನೋಕೆ ಹದಿನೈದು ನಿಮಿಷ. ಆಮೇಲೆ ಉಳಿದದ್ದನ್ನೆಲ್ಲ ಹಿಡಿದು ಹೊರಗೆ ಹಾಕು. ಒಳಗೆ ಉಳಿದ್ರೆ ರಾಣಿನ ಕಚ್ಚುತ್ತೆ."

"ಎಲ್ಲೇ ಆಗಲಿ, ಯಾರಿಗೇ ಆಗಲಿ, ಊಟ ಹಾಕುವಾಗ ಟೀಚರಮ್ಮ ಹೇಳಿದ ಹಾಗೇ ಮಾಡು," ಅಂತ ದ್ಯಾವೀರಮ್ಮನೂ ಸೇರಿಸಿದಳು.

ಮಾಡಿದ! ಒಂದು ದಿನ, ಎರಡು ದಿನ, ಒಂದು ವಾರ, ಮೂರು ವಾರ. ಎಂಟಕ್ಕೆ ಅಂದ್ರೆ ಎಂಟಕ್ಕೆ. ಹುಳ ಎಣಿಸಿ ಹಾಕೋನು, ಉಳಿದದ್ದನ್ನ ಎಣಿಸಿ ತೆಗೆಯೋನು. ಚಿಮ್ಮಂಡೆ ಮೊಟ್ಟೆ ಇಟ್ಟವು, ಮರಿ ಆದವು. ರಾಣಿ ಗೇಣುದ್ದಕ್ಕೆ ಬೆಳೀತಿದಾಳೆ ಅಂತ ಟೀಚರು ಬೀದಿಯೋರಿಗೆಲ್ಲ ಕರೆದು ತೋರಿಸಿದ್ರು.

ಜವರಪ್ಪನಿಗೆ ಅದನ್ನ ಸಹಿಸೋಕಾಗಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಚೀಲ ಹಿಡ್ಕೊಂಡು ಬಂದ, ತಂಗಿ ಮನೆ ನಡುಮನೇಲಿ ಚಕ್ಕಳಮಕ್ಕಳ ಹಾಕ್ಕೊಂಡು ಕೂತ.

"ಹುಳ ಹಾಕೋದೂ ಒಂದು ಕೆಲಸವೇನೇ! ಇವನನ್ನ ಒಯ್ಯೋ ತನಕ ನಾನು ಹೋಗಲ್ಲ. ಇಲ್ಲೇ ಉಳೀತೀನಿ!"

"ಉಳಿ," ಅಂದಳು ದ್ಯಾವೀರಮ್ಮ. "ವರ್ಷ ಉಳಿ. ಮಗನನ್ನ ಕೊಡಲ್ಲ." ಈರೇಶನಿಗೆ, "ಮಾವನಿಗೆ ಊಟ ಹಾಕು," ಅಂತ ಹೇಳಿ ನೀರು ತರೋಕೆ ಹೋದಳು.

ಈರೇಶ ಮುದ್ದೆ ಇಟ್ಟ, ಸೊಪ್ಪಿನ ಸಾರು ಬಿಟ್ಟ. ಗಡಿಯಾರ ನೋಡಿದ. ಜವರಪ್ಪ ನಿಧಾನವಾಗಿ ಮುರೀತಾ, ನುಂಗ್ತಾ, ಗೂಡಿನ ಬಡಾಯಿ ಹೊಡೀತಾ ಕೂತ. ಹದಿನೈದು ನಿಮಿಷ ಆಯ್ತು. ಈರೇಶ ಬಂದು ತಟ್ಟೆ ಎತ್ಕೊಂಡ.

"ಏಯ್! ಇನ್ನೂ ಅರ್ಧ ಮುದ್ದೆ ಇದೆಯಲ್ಲೋ!"

"ಉಳಿದದ್ದು ಹೊರಗೆ!" ಅಂದ ಈರೇಶ. ಮುದ್ದೆ ಹೊರಗೆ ಇಟ್ಟ. ತಿರುಗಿ ನೋಡಿದ. "ನೀನೂ ಉಳಿದಿದೀಯಾ ಮಾವ?"

"ಉಳಿದಿದೀನಿ ಕಣೋ! ಏನು ಮಾಡ್ತೀಯ?"

ಈರೇಶ ಎರಡು ಕಂಕುಳಿಗೆ ಕೈ ಹಾಕಿ ಮಾವನನ್ನ ಎತ್ತಿದ. ಹೊರಗೆ ಜಗಲಿ ಮೇಲೆ ಮುದ್ದೆ ಪಕ್ಕ ಮೆತ್ತಗೆ ಇಟ್ಟ. ಚೀಲನೂ ಇಟ್ಟ. ಬಾಗಿಲು ಹಾಕ್ಕೊಂಡ.

ಬೀದಿಯೆಲ್ಲ ಗೊಳ್ಳಂತ ನಕ್ಕಿತು. ಕೊಡ ಹೊತ್ತು ಬಂದ ದ್ಯಾವೀರಮ್ಮ ಎಲ್ಲ ನೋಡಿದಳು. ಬೈಯಲಿಲ್ಲ, ಬುದ್ಧಿನೂ ಹೇಳಲಿಲ್ಲ. "ಬಾಗಿಲು ತೆಗೆಸೇ!" ಅಂತ ಅಣ್ಣ ಕೂಗಿದ್ರೆ, "ಅವನು ಹೇಳಿದ್ದೇ ಮಾಡಿದಾನೆ ಅಣ್ಣ," ಅಂದು ಕೊಡ ಸೊಂಟಕ್ಕೆ ಏರಿಸ್ಕೊಂಡು ಹಿತ್ತಲ ಬಾಗಿಲಿಂದ ಒಳಗೆ ಹೋದಳು.

ಜವರಪ್ಪ ಬೈಕೊಳ್ತಾ ಬಸ್ ಸ್ಟ್ಯಾಂಡಿಗೆ ನಡೆದ. ಬಸ್ಸು ಬಂದದ್ದು ಐದು ಗಂಟೆಗೆ. ಹತ್ತಿ ಕಿಟಕಿ ಪಕ್ಕ ಕೂತ, ಬಸ್ಸು ಹೊರಡ್ತು. ಹಿಂದಿಂದ ಯಾರೋ ಕೂಗ್ತಿದಾರೆ! ತಿರುಗಿ ನೋಡಿದ್ರೆ ಈರೇಶ. ಒಂದು ಕೈಯಲ್ಲಿ ಬಿಸಿ ಮುದ್ದೆ ತಟ್ಟೆ, ಇನ್ನೊಂದು ಕೈಯಲ್ಲಿ ಗೋಡೆ ಗಡಿಯಾರ.

"ಮಾವಾ! ಐದು ಗಂಟೆ ಆಯ್ತು! ಮೂರನೇ ಸಲದ ಊಟ! ಹದಿನೈದೇ ನಿಮಿಷ, ಬೇಗ ತಿನ್ನು!"

ಬಸ್ಸು ನಿಲ್ಲಲಿಲ್ಲ. ಈರೇಶನೂ ನಿಲ್ಲಲಿಲ್ಲ.