ಲೋಹಶೋಧಕ ಮತ್ತು ಕೆಂಪು ಮಣ್ಣು

ಸಂಡೂರಿನ ಅದಿರುಗುಡ್ಡದಲ್ಲಿ ಹುಲಿಗೆಮ್ಮ ತೀರಿಹೋದ ಮಗಳ ಬೆಳ್ಳಿಕಡಗ ಹುಡುಕುತ್ತಿದ್ದಳು. ಅವಳ ಕೈಯಲ್ಲಿದ್ದ ಲೋಹಶೋಧಕ ಹೆಜ್ಜೆಹೆಜ್ಜೆಗೂ ಕೂಗಿತು. ಅಗೆದಲ್ಲೆಲ್ಲ ಬರೀ ಕೆಂಪು ಮಣ್ಣು.

“ನನ್ನನ್ನೇಕೆ ಸುಳ್ಳುಗಾರನನ್ನಾಗಿ ಮಾಡುತ್ತೀ?” ಎಂದು ಅದು ಮಣ್ಣನ್ನು ಕೇಳಿತು.

“ನನ್ನ ಮೈಯೆಲ್ಲ ಕಬ್ಬಿಣವಯ್ಯ. ಮೊದಲು ನಿಂತು ನನ್ನ ದನಿಯನ್ನು ಗುರುತುಮಾಡಿಕೋ, ಆಮೇಲೆ ಬೇರೆ ದನಿ ತಾನಾಗಿ ತಿಳಿಯುತ್ತದೆ,” ಎಂದಿತು ಮಣ್ಣು.

ಮಣ್ಣಿನಿಂದ ಪಾಠ ಕಲಿಯಲು ಶೋಧಕಕ್ಕೆ ಮನಸ್ಸಾಗಲಿಲ್ಲ. ಇನ್ನು ಬಾಯಿ ಬಿಡುವುದೇ ಬೇಡವೆಂದು ಸುಮ್ಮನಾಯಿತು. ಬೇಲಿಯ ಬಳಿ ಸಣ್ಣ ದನಿಯೊಂದು ಕೇಳಿಸಿದಾಗಲೂ, ಇದೂ ಮಣ್ಣಿನದೇ ಎಂದುಕೊಂಡು ದಾಟಿಹೋಯಿತು.

ಹುಲಿಗೆಮ್ಮ ಕಣ್ಣೊರೆಸಿಕೊಂಡು ಮನೆಯತ್ತ ತಿರುಗಿದಳು.

“ಬೇಲಿಯ ಬಳಿ ಕರೆದದ್ದು ನಾನಲ್ಲ, ಆ ಕಡಗ,” ಎಂದಿತು ಮಣ್ಣು.

ಶೋಧಕ ಇದ್ದಷ್ಟೂ ಶಕ್ತಿಯಿಂದ ಕೂಗಿಕೊಂಡಿತು.

“ಸಾಕು ಮಾಡು ನಿನ್ನ ಸುಳ್ಳು,” ಎಂದು ಹುಲಿಗೆಮ್ಮ ಗುಂಡಿ ಒತ್ತಿ ಅದನ್ನು ಆರಿಸಿದಳು.