ಟ್ರೇಯಲ್ಲಿ ಹಾಳೆ ಇಲ್ಲ

ಹೊಳೆಯ ದಂಡೆಯ ಒಂದು ಮಠದಲ್ಲಿ ಪಂಪಯ್ಯ ಎಂಬ ಸಾಧಕನಿದ್ದ. ಬಿಳಿ ಬಟ್ಟೆ ಉಡುತ್ತಿದ್ದ, ಕಾವಿಯ ಕನಸು ಕಾಣುತ್ತಿದ್ದ.

ದೀಕ್ಷೆ ಕೊಡಬೇಕಾದವರು ಮಠದ ಹಿರಿಯ ಸ್ವಾಮಿಗಳು. ಊರೆಲ್ಲ ಅವರನ್ನು ಅಜ್ಜಾರು ಎನ್ನುತ್ತಿತ್ತು. ಪಂಪಯ್ಯ ದಿನಾ ಬೆಳಗ್ಗೆ ಅವರ ಪಾದಕ್ಕೆ ಹಣೆ ಹಚ್ಚಿ ಒಂದೇ ಮಾತು ಕೇಳುತ್ತಿದ್ದ.

"ಅಜ್ಜಾರ, ನನ್ನ ದೀಕ್ಷಾ ಯಾವಾಗ್ರಿ?"

"ಉಪ್ಪಿಟ್ಟು ತಿಂದೇನಪಾ?" ಎನ್ನುತ್ತಿದ್ದರು ಅಜ್ಜಾರು.

ಉಪ್ಪಿಟ್ಟು ಅವನಿಗೆ ಸೇರುತ್ತಿತ್ತು, ಈ ಉತ್ತರ ಸೇರುತ್ತಿರಲಿಲ್ಲ. ಮಧ್ಯಾಹ್ನ ಪ್ರಸಾದಕ್ಕೆ ಕೂತಾಗ ಮತ್ತೆ ಕೇಳುತ್ತಿದ್ದ. ಸಂಜೆ ಹೊಳೆಯಿಂದ ಬರುವಾಗ ಇನ್ನೊಮ್ಮೆ. ಅವನ ನಂತರ ಮಠಕ್ಕೆ ಬಂದವರೆಲ್ಲ ಕಾವಿ ಉಟ್ಟು ಬೇರೆ ಬೇರೆ ಮಠಗಳಿಗೆ ಹೋಗಿಯಾಗಿತ್ತು. ಅಜ್ಜಾರ ಕಿವಿ ಮಂದವೋ, ತನ್ನಲ್ಲೇ ಏನಾದರೂ ಕೊರತೆಯೋ ಎಂದು ಅವನು ಒಳಗೊಳಗೇ ಕೊರಗುತ್ತಿದ್ದ.

ಅದೊಂದು ಕೊರಗು ಬಿಟ್ಟರೆ ಸುಖವಾಗಿಯೇ ಇದ್ದ. ಮಠದ ಕಚೇರಿ ಅವನ ಸುಪರ್ದಿಯಲ್ಲಿತ್ತು. ಭಕ್ತರೊಬ್ಬರು ಕೊಡಿಸಿದ ದೊಡ್ಡ ಯಂತ್ರ ಅಲ್ಲಿತ್ತು. ಪ್ರಿಂಟು, ಸ್ಕ್ಯಾನು, ಫ್ಯಾಕ್ಸು ಎಲ್ಲವೂ ಅದೊಂದರಲ್ಲೇ. ಅದಕ್ಕೆ ಸಂಬಂಧಪಟ್ಟ ಪದಗಳೆಲ್ಲ ಪಂಪಯ್ಯನಿಗೆ ಬಾಯಿಪಾಠ. ಯಾರಾದರೂ ಕೇಳಲಿ ಎಂದು ಕಾದಿರುತ್ತಿದ್ದ.

ಒಂದು ದಿನ ಅಜ್ಜಾರೇ ಬಂದು ಯಂತ್ರದ ಎದುರು ಕುರ್ಚಿ ಹಾಕಿಸಿಕೊಂಡು ಕೂತರು.

"ನೆಟ್‌ವರ್ಕ್, ನೆಟ್‌ವರ್ಕ್ ಅಂತೀಯಲ್ಲಪಾ, ಹಂಗಂದ್ರೇನು?"

"ಲೈಬ್ರರಿ, ಸಾಲಿ, ದಾಸೋಹದ ಮನಿ, ಎಲ್ಲಾ ಕಡೆ ಕಂಪ್ಯೂಟರೂ ಇದಕ್ಕ ಕೂಡ್ಯಾವ್ರಿ ಅಜ್ಜಾರ. ಎಲ್ಲಿ ಕುಂತು ಕಳಿಸಿದ್ರೂ ಇದಕ್ಕ ಮುಟ್ಟತೈತಿ."

"ಫ್ಯಾಕ್ಸು?"

"ಇಲ್ಲಿಟ್ಟ ಹಾಳಿ ದೂರದ ಊರಾಗ ಅಚ್ಚಾಗಿ ಹೊರಗ ಬೀಳತೈತ್ರಿ. ಈಗ ಯಾರೂ ಕಳಸೂದಿಲ್ಲ. ಆದ್ರ ಗುಂಡಿ ಇನ್ನೂ ಐತ್ರಿ."

"ಇರ್ಲಿ ಪಾಪ, ಅದನ್ಯಾಕ ಹೊರಗ ಹಾಕೂದು," ಎಂದರು ಅಜ್ಜಾರು. "ಒಮ್ಮೆಲೇ ನಾಕು ಮಂದಿ ಕಳಿಸಿದ್ರ ಜಗಳ ಹತ್ತೂದಿಲ್ಲೇನು?"

"ಇಲ್ರಿ. ಬಂದದ್ದೆಲ್ಲಾ ಪಾಳಿ ಹಚ್ಚಿ ನಿಂದರತಾವ್ರಿ. ಅದಕ್ಕ ಪ್ರಿಂಟ್ ಕ್ಯೂ ಅಂತಾರ."

"ಯಂತ್ರಕ್ಕ ಏನರ ಅಡಚಣಿ ಬಂದು ನಿಂತರ? ಕಳಿಸಿದ್ದು ಕಳದು ಹೋಗತೈತೇನು?"

ಪಂಪಯ್ಯನಿಗೆ ಹುರುಪು ಬಂತು. "ಇಲ್ರಿ ಅಜ್ಜಾರ. ಮುಟ್ಟಿದ್ದು ಮುಟ್ಟಿದಂಗ. ಯಂತ್ರ ತಯಾರಾಗೂತನಕ ಅದು ಹಂಗ ಕಾಯತಿರತೈತಿ. ಸ್ಪೂಲ್ ಅಂತಾರ್ರಿ ಅದಕ್ಕ. ಬರಲಿಲ್ಲಂತ ಮತ್ತ ಮತ್ತ ಒತ್ತಬಾರದ್ರಿ. ತಿಳೀಲಾರದವರು ಒತ್ತತಾರ."

"ತಿಳೀಲಾರದವರು," ಎಂದು ಅಜ್ಜಾರು ತಲೆಯಾಡಿಸಿ ಎದ್ದು ಹೋದರು.

ಅವರು ಅಷ್ಟು ಹೊತ್ತು ಕೂತು ಕೇಳಿದ್ದೇ ಶುಭಸೂಚನೆ ಎಂದುಕೊಂಡ ಪಂಪಯ್ಯ. ಇನ್ನು ದೀಕ್ಷೆ ದೂರವಿಲ್ಲ ಎನ್ನಿಸಿತು. ದೀಕ್ಷೆ ಆದಮೇಲೆ ಹೊಸ ಹೆಸರು ಬರುತ್ತದೆ. ಹೆಸರು ಬಂದಮೇಲೆ ಸಹಿ ಚೆನ್ನಾಗಿರಬೇಡವೇ? ಯಂತ್ರದ ಟ್ರೇಯಲ್ಲಿದ್ದ ಹಾಳೆಗಳನ್ನೆಲ್ಲ ತೆಗೆದುಕೊಂಡು ಕೂತ.

ಪಂಪಾನಂದ ಸ್ವಾಮಿಗಳು ಎಂದು ಬರೆದ. ಚೆನ್ನಾಗಿ ಕಂಡಿತು. ಪಂಪಾನಂದ ಮಹಾಸ್ವಾಮಿಗಳು ಎಂದು ಬರೆದ. ಇನ್ನೂ ಚೆನ್ನಾಗಿ ಕಂಡಿತು. ಗುಂಡಗೆ ಬರೆದ, ಓರೆಯಾಗಿ ಬರೆದ, ಹಾಳೆಗಳ ಎರಡೂ ಮಗ್ಗುಲು ತುಂಬುವಷ್ಟು ಬರೆದ.

ಮರುದಿನ ಹುಣ್ಣಿಮೆ. ಸಂಜೆ ಅಜ್ಜಾರ ಪ್ರವಚನ.

"ಸಂಜಿಕ ಹೇಳೂ ಮಾತನ್ನ ಲೈಬ್ರರಿ ಕಂಪ್ಯೂಟರಿನಾಗ ಹಾಕಿಸೀನಿ," ಎಂದರು ಅಜ್ಜಾರು. "ಒಂದ ಪುಟ. ದಪ್ಪ ಅಕ್ಷರದಾಗ ತಗದು ಕೊಡು. ಒಂದ ಪ್ರತಿ ಸಾಕು."

ಪಂಪಯ್ಯ ಲೈಬ್ರರಿಯ ಕಂಪ್ಯೂಟರಿನ ಮುಂದೆ ಕೂತು ಪ್ರಿಂಟ್ ಒತ್ತಿದ. ಅಂಗಳದಾಚೆಯ ಕಚೇರಿಗೆ ಕಿವಿಗೊಟ್ಟ. ಸದ್ದಿಲ್ಲ.

ಇನ್ನೊಮ್ಮೆ ಒತ್ತಿದ. ಆಗಲೂ ಸದ್ದಿಲ್ಲ.

ಇಷ್ಟು ಸಣ್ಣ ಕೆಲಸದಲ್ಲಿ ಎಡವಿದರೆ ದೀಕ್ಷೆಯ ಮಾತು ಮರೆತಂತೆಯೇ ಎನ್ನಿಸಿತು. ನಿನ್ನೆ ತಾನೇ ಆಡಿದ್ದು ತಲೆಯಿಂದ ಹಾರಿಹೋಗಿತ್ತು. ಒತ್ತಿದ, ಮತ್ತೆ ಒತ್ತಿದ, ಬೆರಳು ನೋಯುವವರೆಗೂ ಒತ್ತಿದ. ಕೊನೆಗೆ ಎದ್ದು ಕಚೇರಿಗೆ ಓಡಿದ.

ಯಂತ್ರದ ಕೆಂಪು ದೀಪ ಮಿಣುಕುತ್ತಿತ್ತು. ಟ್ರೇಯಲ್ಲಿ ಹಾಳೆ ಇಲ್ಲ ಎಂದು ಪರದೆಯ ಮೇಲೆ ಬರೆದಿತ್ತು. ಹಾಳೆ ಎಲ್ಲಿ ಹೋಯಿತೆಂದು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಹೊಸ ಹಾಳೆ ಉಗ್ರಾಣದಲ್ಲಿತ್ತು. ಅದರ ಕೀಲಿ ಉಗ್ರಾಣ ನೋಡಿಕೊಳ್ಳುವ ಸಂಗಪ್ಪನ ಸೊಂಟದಲ್ಲಿತ್ತು. ಸಂಗಪ್ಪ ತರಕಾರಿ ತರಲು ಸಂತೆಗೆ ಹೋಗಿದ್ದ.

ಅವಸರಕ್ಕೆ ಬುದ್ಧಿ ಕಮ್ಮಿ. ಪಂಪಯ್ಯ ತಾನು ಬರೆದಿಟ್ಟ ಹಾಳೆಗಳನ್ನೇ ತಂದು ಟ್ರೇಗೆ ತುರುಕಿದ. ದಪ್ಪ ಅಕ್ಷರ ಬೀಳುವಾಗ ಸಣ್ಣ ಬರಹ ಎಲ್ಲಿ ಕಾಣುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಯಂತ್ರ ಗುರ್ ಎಂದಿತು. ಒಂದು ಹಾಳೆ ಬಂತು, ಹಿಂದೆಯೇ ಇನ್ನೊಂದು, ಅದರ ಹಿಂದೆ ಮತ್ತೊಂದು. ಹೊರಗಿನ ತಟ್ಟೆ ತುಂಬಿ ನೆಲಕ್ಕೆ ಸುರಿಯತೊಡಗಿತು. ಪಂಪಯ್ಯ ಮೊಣಕಾಲೂರಿ ಬಾಚಿಕೊಳ್ಳುತ್ತಿರುವಾಗ ಬಾಗಿಲಲ್ಲಿ ಅಜ್ಜಾರು ನಿಂತಿದ್ದರು.

ಕಾಲ ಬಳಿ ಬಿದ್ದಿದ್ದ ಒಂದು ಹಾಳೆ ಎತ್ತಿಕೊಂಡರು. ಕಣ್ಣಿನಿಂದ ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

"ಯಾರಪಾ ಇವರು ಪಂಪಾನಂದ ಮಹಾಸ್ವಾಮಿಗೋಳು? ನನ್ನ ಮಾತಿನ ನಡುವ ಬಂದು ಕುಂತಾರಲ್ಲ?"

ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಪಂಪಯ್ಯನಿಗೆ.

"ಒಂದ ಪ್ರತಿ ಹೇಳಿದ್ನಲ್ಲ?"

"ಬರಲಿಲ್ಲಂತ ಮತ್ತ ಮತ್ತ ಒತ್ತಿದ್ನಿರಿ."

"ಮೊದಲನೇದು ಮುಟ್ಟಿದ್ದಿಲ್ಲೇನು?"

"ಮುಟ್ಟಿತ್ರಿ ಅಜ್ಜಾರ."

"ಮತ್ತ್ಯಾಕ ಬರಲಿಲ್ಲ?"

"ಟ್ರೇದಾಗ ಹಾಳಿ ಇದ್ದಿದ್ದಿಲ್ರಿ."

"ಈಗ ಹಾಕಿಯಲ್ಲ. ಆದ್ರೂ ಓದಾಕ ಬರವಲ್ದು."

"ಇವು ಬರದು ತುಂಬಿಸಿದ ಹಾಳಿ ರಿ," ಎಂದ ಪಂಪಯ್ಯ ಸಣ್ಣ ದನಿಯಲ್ಲಿ. "ಇದಕ್ಕ ಖಾಲಿ ಹಾಳಿನ ಬೇಕ್ರಿ."

ಅಜ್ಜಾರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ನಗು ಕಂಡು ಪಂಪಯ್ಯನಿಗೂ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗುವಿತ್ತು. ಬಹಳ ದಿನಗಳ ಮೇಲೆ ಅವನ ಎದೆ ಹಗುರಾಗಿತ್ತು.

ಇಬ್ಬರೂ ಸೇರಿ ನೆಲದ ಹಾಳೆಗಳನ್ನು ಆರಿಸಿದರು. ಅಷ್ಟರಲ್ಲಿ ಸಂಗಪ್ಪ ಸಂತೆಯಿಂದ ಬಂದ. ಉಗ್ರಾಣ ತೆಗೆದು ಹೊಸ ಹಾಳೆಯ ಕಟ್ಟು ತಂದು ಪಂಪಯ್ಯನ ಕೈಗಿಟ್ಟು ಹೋದ.

ಕಟ್ಟು ಎದೆಗವಚಿಕೊಂಡು ಪಂಪಯ್ಯ ಯಂತ್ರದ ಕಡೆ ತಿರುಗಿದ. ಆಗ ಹಳೆಯ ಚಾಳಿ, ಮಾತು ತಾನಾಗಿ ಬಾಯಿಗೆ ಬಂತು.

"ಅಜ್ಜಾರ, ನನ್ನ ದೀಕ್ಷಾ..."

ಅರ್ಧಕ್ಕೇ ನಾಲಗೆ ಕಚ್ಚಿಕೊಂಡ.

ಅಜ್ಜಾರು ಅವನ ಬೆನ್ನ ಮೇಲೆ ಕೈಯಿಟ್ಟರು.

"ನೀ ಕೇಳಿದ್ದು ಮೊದಲನೇ ದಿನಾನ ಮುಟ್ಟೈತಪಾ. ನೀ ಖಾಲಿ ಹಾಳಿ ಹಾಕು."